ಜ್ವರ ಬಂದಾಗ ರಕ್ತದ ಎಣಿಕೆ ಏಕೆ ಏರುಪೇರಾಗುತ್ತದೆ?

ಒಂದೇ ವಾರ್ಡು, ಅಕ್ಕಪಕ್ಕದ ಹಾಸಿಗೆ. ಇಬ್ಬರಿಗೂ 102 ಡಿಗ್ರಿ ಜ್ವರ. ಒಬ್ಬರಿಗೆ ನ್ಯುಮೋನಿಯಾ. ಅವರ ಸಿಬಿಸಿ (ರಕ್ತಕಣಗಳ ಎಣಿಕೆ) ವರದಿಯಲ್ಲಿ ಬಿಳಿ ರಕ್ತಕಣ 18,000 ದಾಟಿದೆ, ಅದರಲ್ಲಿ ನೂರಕ್ಕೆ ತೊಂಬತ್ತರಷ್ಟು ನ್ಯೂಟ್ರೊಫಿಲ್ ಎಂಬ ಬಗೆಯ ಬಿಳಿ ಕಣ. ಇನ್ನೊಬ್ಬರಿಗೆ ಡೆಂಗಿ. ಬಿಳಿ ಕಣ 2,500ಕ್ಕೆ ಇಳಿದಿದೆ, ಪ್ಲೇಟ್‌ಲೆಟ್ ಒಂದು ಲಕ್ಷದ ಕೆಳಗೆ ಬಂದಿದೆ. ಇಬ್ಬರ ದೇಹವೂ ಸೋಂಕಿನ ವಿರುದ್ಧ ಸೆಣಸುತ್ತಿದೆ. ಆದರೂ ಒಬ್ಬರಲ್ಲಿ ಕಣಗಳು ದುಪ್ಪಟ್ಟಾಗಿವೆ, ಇನ್ನೊಬ್ಬರಲ್ಲಿ ಅರ್ಧಕ್ಕಿಂತ ಕಡಿಮೆಯಾಗಿವೆ. ವರದಿ ಹಿಡಿದು ನಿಂತ ಮನೆಯವರಿಗೆ ಕಾಣುವುದು ದಪ್ಪ ಅಕ್ಷರದಲ್ಲಿ ಅಚ್ಚಾದ ಸಂಖ್ಯೆ ಮಾತ್ರ. ಆ ಸಂಖ್ಯೆ ಹಾಗೆ ಬದಲಾಗಲು ಯಾರು ಹೇಳಿದರು, ಏನು ಹೇಳಿದರು ಎಂಬುದು ವರದಿಯಲ್ಲಿ ಇರುವುದಿಲ್ಲ. ಈ ಲೇಖನ ಅದರ ಬಗ್ಗೆ.

ವಯಸ್ಕರಲ್ಲಿ ರಕ್ತ ತಯಾರಾಗುವುದು ಸೊಂಟ, ಬೆನ್ನು, ಎದೆ ಮತ್ತು ಪಕ್ಕೆಲುಬಿನ ಮೂಳೆಗಳೊಳಗಿನ ಕೆಂಪು ಮಜ್ಜೆಯಲ್ಲಿ. ದಿನವೊಂದಕ್ಕೆ ಅಲ್ಲಿ ಸುಮಾರು 20,000 ಕೋಟಿ ಕೆಂಪು ರಕ್ತಕಣ, ಸುಮಾರು 10,000 ಕೋಟಿ ನ್ಯೂಟ್ರೊಫಿಲ್, ಹೆಚ್ಚುಕಡಿಮೆ ಅಷ್ಟೇ ಪ್ಲೇಟ್‌ಲೆಟ್ ಹುಟ್ಟುತ್ತವೆ. ಕೆಂಪು ಕಣದ ಆಯುಸ್ಸು ಸುಮಾರು 120 ದಿನ. ಪ್ಲೇಟ್‌ಲೆಟ್ ಬಾಳುವುದು ವಾರ, ಹತ್ತು ದಿನ. ನ್ಯೂಟ್ರೊಫಿಲ್ ರಕ್ತದಲ್ಲಿ ಇರುವುದು ಕೆಲವು ಗಂಟೆಗಳಿಂದ ಒಂದು ದಿನದವರೆಗೆ ಅಷ್ಟೇ. ಹಾಗಾಗಿ ಮಜ್ಜೆಯಲ್ಲಿ ಏನಾದರೂ ಬದಲಾದರೆ ಮೊದಲು ಏರುಪೇರಾಗುವುದು ಬಿಳಿ ಕಣ, ಆಮೇಲೆ ಪ್ಲೇಟ್‌ಲೆಟ್, ತೀರಾ ನಿಧಾನವಾಗಿ ಹಿಮೋಗ್ಲೋಬಿನ್. ಯಾವ ಅಂಕಿ ಎಷ್ಟು ದಿನದಲ್ಲಿ ಬದಲಾಯಿತು ಎಂಬುದನ್ನು ವೈದ್ಯರು ಅಷ್ಟು ಗಮನಿಸಿ ನೋಡುವುದು ಇದಕ್ಕೇ.

ಈ ಎಲ್ಲ ಕಣಗಳೂ ಒಂದೇ ಮೂಲದಿಂದ ಬಂದವು. ಅದನ್ನು ರಕ್ತದ ಆಕರಕೋಶ ಎನ್ನುತ್ತಾರೆ. ಟೊರಾಂಟೊದ ಜೇಮ್ಸ್ ಟಿಲ್ ಮತ್ತು ಅರ್ನೆಸ್ಟ್ ಮೆಕಲಕ್ 1961ರಲ್ಲಿ ಇಲಿಗಳ ಗುಲ್ಮದಲ್ಲಿ ಬೆಳೆದ ಗಂಟುಗಳನ್ನು ಎಣಿಸುತ್ತಾ ಇಂಥ ಕೋಶ ಇದೆ ಎಂಬುದಕ್ಕೆ ಮೊದಲ ಗಟ್ಟಿ ಪುರಾವೆ ಒದಗಿಸಿದರು. ಆಕರಕೋಶದ ಮಕ್ಕಳು ಮೊಮ್ಮಕ್ಕಳಲ್ಲಿ ಯಾವುದು ಕೆಂಪು ಕಣ ಆಗಬೇಕು, ಯಾವುದು ನ್ಯೂಟ್ರೊಫಿಲ್, ಯಾವುದು ಪ್ಲೇಟ್‌ಲೆಟ್ ಕೊಡುವ ದೊಡ್ಡ ಕೋಶ ಆಗಬೇಕು ಎಂಬುದು ಹುಟ್ಟಿನಿಂದಲೇ ತೀರ್ಮಾನವಾಗಿರುವುದಿಲ್ಲ. ದೇಹದ ಬೇರೆ ಬೇರೆ ಮೂಲೆಗಳಿಂದ ಬರುವ ಸೂಚನೆಗಳು ಅದನ್ನು ದಿನದಿನವೂ ಬದಲಾಯಿಸುತ್ತವೆ. ಈ ಸೂಚನೆಗಳಲ್ಲಿ ಬಹುಪಾಲು ಸೈಟೊಕೈನ್ ಎಂಬ ಪುಟ್ಟ ಪ್ರೋಟೀನುಗಳು. ರೋಗನಿರೋಧಕ ಕೋಶಗಳು ಒಂದಕ್ಕೊಂದು ಸುದ್ದಿ ಮುಟ್ಟಿಸಲು ಇವನ್ನೇ ಹೊರಬಿಡುತ್ತವೆ. ಕೊರೊನಾ ಕಾಲದಲ್ಲಿ ಪತ್ರಿಕೆಗಳಲ್ಲಿ ‘ಸೈಟೊಕೈನ್ ಬಿರುಗಾಳಿ’ ಎಂದು ಓದಿದ್ದು ಇವುಗಳ ಅತಿರೇಕದ ಬಗ್ಗೆ.

ನನಗೆ ಮುಖ್ಯವಾಗಿ ಹೇಳಬೇಕಿರುವುದು ಇಷ್ಟು: ರಕ್ತಪರೀಕ್ಷೆಯಲ್ಲಿ ಕಾಣುವ ಏರಿಳಿತ ಎಷ್ಟೋ ಸಲ ಕೊರತೆಯ ಲೆಕ್ಕ ಆಗಿರುವುದಿಲ್ಲ, ಮಜ್ಜೆಗೆ ಬಂದ ಆದೇಶದ ಲೆಕ್ಕ ಆಗಿರುತ್ತದೆ. ಆದೇಶ ಏನೆಂದು ತಿಳಿಯದೆ ಬರೀ ಸಂಖ್ಯೆ ಏರಿಸಲು ಹೊರಟರೆ ಔಷಧ, ಹಣ, ಸಮಯ ಮೂರೂ ವ್ಯರ್ಥವಾಗುತ್ತವೆ. ಕೆಲವೊಮ್ಮೆ ತೊಂದರೆಯೂ ಆಗುತ್ತದೆ.

ಇಂಥ ಆದೇಶಗಳಿವೆ ಎಂದು ಮೊದಲು ಗೊತ್ತಾದದ್ದು ಆಕಸ್ಮಿಕವಾಗಿ. ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ ರೇ ಬ್ರ್ಯಾಡ್ಲಿ ಎಂಬ ವಿಜ್ಞಾನಿ ಇಲಿಯ ಕ್ಯಾನ್ಸರ್ ಕೋಶಗಳನ್ನು ಅಗರ್ ಜೆಲ್ಲಿಯಲ್ಲಿ ಬೆಳೆಸಲು ನೋಡುತ್ತಿದ್ದರು. ಅವಕ್ಕೆ ಆಸರೆಯಾಗಲಿ ಎಂದು ಮಜ್ಜೆಯ ಕೋಶಗಳನ್ನೂ ಸೇರಿಸಿದರು. ಬೆಳೆದದ್ದು ಕ್ಯಾನ್ಸರ್ ಅಲ್ಲ, ಮಜ್ಜೆಯ ಕೋಶಗಳೇ ಗುಂಪುಗುಂಪಾಗಿ ಬೆಳೆದಿದ್ದವು. ಆ ತಟ್ಟೆಗಳನ್ನು ಅವರು ವಾಲ್ಟರ್ ಅಂಡ್ ಎಲಿಜಾ ಹಾಲ್ ಸಂಸ್ಥೆಯ ಡೊನಾಲ್ಡ್ ಮೆಟ್ಕಾಫ್ ಅವರಿಗೆ ತೋರಿಸಿದರು. ಗುಂಪುಗಳಲ್ಲಿದ್ದದ್ದು ಬಿಳಿ ರಕ್ತಕಣಗಳು. 1966ರಲ್ಲಿ ಇಬ್ಬರೂ ಸೇರಿ ಅದನ್ನು ಪ್ರಕಟಿಸಿದರು. ಅದಕ್ಕೆ ಸ್ವಲ್ಪ ಮುಂಚೆ ಇಸ್ರೇಲಿನ ವೈಜ್‌ಮನ್ ಸಂಸ್ಥೆಯಲ್ಲಿ ದೊವ್ ಪ್ಲುಜ್ನಿಕ್ ಮತ್ತು ಲಿಯೊ ಸ್ಯಾಕ್ಸ್ ಕೂಡ ಇದನ್ನೇ ಕಂಡಿದ್ದರು. ಪಕ್ಕದಲ್ಲಿ ಬೇರೆ ಕೋಶಗಳಿದ್ದರೆ ಮಾತ್ರ ಮಜ್ಜೆಯ ಕೋಶ ಬೆಳೆಯುತ್ತಿತ್ತು, ಒಂಟಿಯಾಗಿ ಬಿಟ್ಟರೆ ಸಾಯುತ್ತಿತ್ತು. ಅಂದರೆ ಆ ಬೇರೆ ಕೋಶಗಳು ಏನನ್ನೋ ಹೊರಬಿಡುತ್ತಿದ್ದವು.

ಆ ‘ಏನೋ’ ಒಂದನ್ನು ಹಿಡಿಯಲು ಮೆಟ್ಕಾಫ್ ತಂಡಕ್ಕೆ ವರ್ಷಗಳೇ ಬೇಕಾದವು. ಕೊನೆಗೆ ಸಿಕ್ಕಿದ್ದು ಒಂದಲ್ಲ, ನಾಲ್ಕು. ಅವುಗಳಲ್ಲಿ ಜಿ-ಸಿಎಸ್‌ಎಫ್ ಎಂಬುದನ್ನು ತಂಡದ ನಿಕೋಸ್ ನಿಕೊಲಾ 1983ರಲ್ಲಿ ಶುದ್ಧರೂಪದಲ್ಲಿ ಬೇರ್ಪಡಿಸಿದರು. ಅದಕ್ಕೆ ಅವರು ಬಳಸಿದ್ದು ಬ್ಯಾಕ್ಟೀರಿಯಾದ ವಿಷವನ್ನು ಚುಚ್ಚಿದ ಇಲಿಗಳ ಶ್ವಾಸಕೋಶವನ್ನು. ಈ ವಿವರ ನನಗೆ ಬಹಳ ಮುಖ್ಯ ಅನಿಸುತ್ತದೆ. ಬಿಳಿ ಕಣ ಬೆಳೆಸುವ ಈ ಪದಾರ್ಥ ಧಾರಾಳವಾಗಿ ಸಿಕ್ಕಿದ್ದು ದೇಹಕ್ಕೆ ‘ಬ್ಯಾಕ್ಟೀರಿಯಾ ಬಂದಿದೆ’ ಎಂಬ ಸುಳಿವು ತಲುಪಿದ ಜಾಗದಲ್ಲಿ. ಶ್ವಾಸಕೋಶದಲ್ಲಿ ಎದ್ದ ಗಲಾಟೆ ಸೊಂಟದ ಮೂಳೆಗೆ ತಿಳಿಯುವ ದಾರಿ ಅಲ್ಲಿ ಸಿಕ್ಕಿಬಿಟ್ಟಿತ್ತು.

ಸೂಚನೆ ಕೋಶದೊಳಗೆ ಹೇಗೆ ಇಳಿಯುತ್ತದೆ ಎಂಬುದನ್ನೂ ನೋಡೋಣ. ಸೂಚನೆ ಮುಟ್ಟಿಸಲು ಸೈಟೊಕೈನ್ ಕೋಶದ ಒಳಗೆ ಹೋಗಬೇಕಿಲ್ಲ. ಕೋಶದ ಹೊದಿಕೆಯಲ್ಲಿ ಅದಕ್ಕೆಂದೇ ಇರುವ ಗ್ರಾಹಕಕ್ಕೆ ಹೊರಗಿನಿಂದ ಅಂಟಿಕೊಳ್ಳುತ್ತದೆ. ಅಂಟಿದೊಡನೆ ಗ್ರಾಹಕದ ಒಳತುದಿಯಲ್ಲಿರುವ ಜ್ಯಾಕ್ ಎಂಬ ಕಿಣ್ವ ಚುರುಕಾಗುತ್ತದೆ. ಅದು ಸ್ಟ್ಯಾಟ್ ಎಂಬ ಪ್ರೋಟೀನಿಗೆ ಫಾಸ್ಫೇಟ್ ಅಂಟಿಸುತ್ತದೆ. ಆ ಸ್ಟ್ಯಾಟ್ ಕೋಶಕೇಂದ್ರಕ್ಕೆ ಹೋಗಿ ಬೇಕಾದ ಜೀನುಗಳನ್ನು ಎಬ್ಬಿಸುತ್ತದೆ. ನಿಮಿಷಗಳಲ್ಲಿ ಮುಗಿಯುವ ಕೆಲಸ ಇದು. ನಂತರದ ತೀರ್ಮಾನ ಪಿಯು.1, ಗ್ಯಾಟಾ-1 ಎಂಬ ನಿಯಂತ್ರಕ ಪ್ರೋಟೀನುಗಳ ಪೈಪೋಟಿಯಲ್ಲಿ ಆಗುತ್ತದೆ. ಪಿಯು.1 ಮೇಲುಗೈ ಪಡೆದರೆ ಕೋಶ ಬಿಳಿ ಕಣದ ಕಡೆಗೆ ವಾಲುತ್ತದೆ, ಗ್ಯಾಟಾ-1 ಗೆದ್ದರೆ ಕೆಂಪು ಕಣ ಮತ್ತು ಪ್ಲೇಟ್‌ಲೆಟ್ ಕಡೆಗೆ. ಉರಿಯೂತದ ಸೈಟೊಕೈನುಗಳಲ್ಲಿ ಹಲವು ಪಿಯು.1 ಪರವಾಗಿ ತಕ್ಕಡಿ ಬಾಗಿಸುತ್ತವೆ. ಬಿಳಿ ಕಣ ಹೆಚ್ಚಾಗುವಾಗ ಕೆಂಪು ಕಣದ ಉತ್ಪಾದನೆ ಹಿಂದೆ ಬೀಳುವುದಕ್ಕೆ ಇದೂ ಒಂದು ಕಾರಣ.

ಈ ಜ್ಯಾಕ್-ಸ್ಟ್ಯಾಟ್ ದಾರಿ ಎಷ್ಟು ಪುರಾತನ ಎಂದರೆ ಹಣ್ಣಿನ ನೊಣದಲ್ಲೂ ಇದೆ. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಮನೀಷಾ ಇನಾಮದಾರ್ ಅವರ ತಂಡ ಅಸ್ರಿಜ್ ಎಂಬ ಪ್ರೋಟೀನಿನ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿ, ನೊಣದ ರಕ್ತದ ಆಕರಕೋಶಗಳು ಆಕರಕೋಶಗಳಾಗಿಯೇ ಉಳಿಯಲು ಈ ಸಂಕೇತದಾರಿ ಸರಿಯಾಗಿ ನಡೆಯುವುದು ಎಷ್ಟು ಅಗತ್ಯ ಎಂದು ತೋರಿಸಿತು. ಮನುಷ್ಯನಲ್ಲಿ ಇದೇ ದಾರಿ ಕೆಟ್ಟರೆ ಏನಾಗುತ್ತದೆ ಎಂಬುದು 2005ರಲ್ಲಿ ತಿಳಿಯಿತು. ಜ್ಯಾಕ್-2 ಜೀನಿನ ಒಂದೇ ಅಕ್ಷರ ಬದಲಾದರೆ, ಸೈಟೊಕೈನ್ ಬಾರದೆಯೂ ಬಂದ ಹಾಗೆ ಕೋಶ ನಡೆದುಕೊಳ್ಳುತ್ತದೆ. ಪಾಲಿಸೈಥೀಮಿಯಾ ವೆರಾ ಎಂಬ ಕಾಯಿಲೆಯಲ್ಲಿ ಕೆಂಪು ಕಣಗಳು ಮಿತಿಮೀರಿ ರಕ್ತ ಗಟ್ಟಿಯಾಗುವುದು ಇದರಿಂದ.

ಈಗ ನ್ಯುಮೋನಿಯಾ ರೋಗಿಯ 18,000ಕ್ಕೆ ಬರೋಣ. ಬ್ಯಾಕ್ಟೀರಿಯಾದ ಹೊದಿಕೆಯ ಚೂರುಗಳು ರಕ್ತಕ್ಕೆ ಸೇರಿದಾಗ, ರಕ್ತನಾಳಗಳ ಒಳಮೈ ಕೋಶಗಳು ಟಿಎಲ್‌ಆರ್-4 ಎಂಬ ಗ್ರಾಹಕದ ಮೂಲಕ ಅವನ್ನು ಗುರುತಿಸಿ ಜಿ-ಸಿಎಸ್‌ಎಫ್ ಸುರಿಸುತ್ತವೆ. ಮಜ್ಜೆಯಲ್ಲಿ ಎರಡು ಕೆಲಸ ಒಟ್ಟಿಗೆ ಆರಂಭವಾಗುತ್ತವೆ. ಒಂದು, ದಾಸ್ತಾನಿನಲ್ಲಿದ್ದ ಸಿದ್ಧ ನ್ಯೂಟ್ರೊಫಿಲ್‌ಗಳು ಗಂಟೆಗಳಲ್ಲಿ ಹೊರಬೀಳುತ್ತವೆ. ಇನ್ನೊಂದು, ಹೊಸವು ಬೇಗ ಬೇಗ ತಯಾರಾಗುತ್ತವೆ. ನ್ಯೂಟ್ರೊಫಿಲ್ ಮಜ್ಜೆಯಲ್ಲಿ ಬಲಿಯಲು ಸಾಮಾನ್ಯವಾಗಿ ಆರು ದಿನದಷ್ಟು ಬೇಕು. ಜಿ-ಸಿಎಸ್‌ಎಫ್ ಹೆಚ್ಚಿದ್ದಾಗ ಅದು ಸುಮಾರು ಅರ್ಧಕ್ಕೆ ಇಳಿಯುತ್ತದೆ. ಮದುವೆಮನೆಯಲ್ಲಿ ಪಂಕ್ತಿ ಕೂತುಬಿಟ್ಟಾಗ ಇನ್ನೊಂದು ಕುದಿ ಬೇಕಿದ್ದ ಅನ್ನವನ್ನೂ ಬಡಿಸಲು ಕಳಿಸುವ ಹಾಗೆ, ಪೂರ್ತಿ ಬಲಿಯದ ಕಣಗಳೂ ರಕ್ತಕ್ಕೆ ಬರುತ್ತವೆ. ಸೂಕ್ಷ್ಮದರ್ಶಕದಲ್ಲಿ ಇವುಗಳ ಕೋಶಕೇಂದ್ರ ಇನ್ನೂ ಹೋಳಾಗದೆ ಬಾಗಿದ ಪಟ್ಟಿಯ ಹಾಗೆ ಕಾಣುತ್ತದೆ. ಲ್ಯಾಬಿನವರು ಇವನ್ನು ‘ಬ್ಯಾಂಡ್’ ಎನ್ನುತ್ತಾರೆ, ‘ಲೆಫ್ಟ್ ಶಿಫ್ಟ್’ ಎಂದು ಷರಾ ಬರೆಯುತ್ತಾರೆ. ಯಂತ್ರ ಕೊಟ್ಟ ಒಟ್ಟು ಸಂಖ್ಯೆಗಿಂತ ಕಣ್ಣಿನಿಂದ ನೋಡಿ ಬರೆದ ಆ ಒಂದು ಸಾಲಿಗೆ ಕೆಲವು ಸಲ ಹೆಚ್ಚು ಬೆಲೆ.

ಈ ಏರಿಕೆಗೆ ಲಗಾಮೂ ಇದೆ, ಅದು ತುಂಬಾ ಅಚ್ಚುಕಟ್ಟಾಗಿದೆ. ನ್ಯೂಟ್ರೊಫಿಲ್‌ಗಳ ಮೈಮೇಲೆ ಜಿ-ಸಿಎಸ್‌ಎಫ್ ಗ್ರಾಹಕಗಳಿರುತ್ತವೆ. ಅವು ಹೆಚ್ಚಾದಷ್ಟೂ ರಕ್ತದಲ್ಲಿರುವ ಜಿ-ಸಿಎಸ್‌ಎಫ್ ಅನ್ನು ಹೀರಿ ಮುಗಿಸುತ್ತವೆ. ಸೂಚನೆ ಕಡಿಮೆಯಾಗಿ ಉತ್ಪಾದನೆ ತಾನಾಗಿ ತಗ್ಗುತ್ತದೆ. ಇದರ ಜತೆಗೆ, ಮುಪ್ಪಾದ ನ್ಯೂಟ್ರೊಫಿಲ್‌ಗಳನ್ನು ನುಂಗುವ ಮ್ಯಾಕ್ರೊಫೇಜ್ ಕೋಶಗಳು ಎಷ್ಟು ನುಂಗಿದೆವು ಎಂಬುದರ ಮೇಲೆ ಇಂಟರ್‌ಲ್ಯೂಕಿನ್-23 ಎಂಬ ಸೈಟೊಕೈನನ್ನು ಹೆಚ್ಚು ಕಡಿಮೆ ಮಾಡುತ್ತವೆ. ಅದು ಇಂಟರ್‌ಲ್ಯೂಕಿನ್-17 ಮೂಲಕ ಮತ್ತೆ ಜಿ-ಸಿಎಸ್‌ಎಫ್‌ಗೆ ಬಂದು ಸೇರುತ್ತದೆ.

ಮೆಟ್ಕಾಫ್ ತಂಡ ಹಿಡಿದ ಈ ಪದಾರ್ಥ ಔಷಧವಾಗಿ ಬಂದದ್ದು 1991ರಲ್ಲಿ, ಫಿಲ್‌ಗ್ರಾಸ್ಟಿಮ್ ಹೆಸರಿನಲ್ಲಿ. ಅದನ್ನು ತಯಾರಿಸುವುದು ಇ. ಕೊಲಿ ಬ್ಯಾಕ್ಟೀರಿಯಾದೊಳಗೆ ಮನುಷ್ಯನ ಜೀನ್ ಇಟ್ಟು. ಕಿಮೋಥೆರಪಿ ಕ್ಯಾನ್ಸರ್ ಕೋಶಗಳ ಜತೆ ಮಜ್ಜೆಯ ಬೆಳೆಯುವ ಕೋಶಗಳನ್ನೂ ಕೊಲ್ಲುವುದರಿಂದ ವಾರ, ಹತ್ತು ದಿನಕ್ಕೆ ನ್ಯೂಟ್ರೊಫಿಲ್ ನೆಲಕಚ್ಚುತ್ತದೆ. ಆ ಪಾತಾಳದ ದಿನಗಳನ್ನು ಚಿಕ್ಕದು ಮಾಡುವುದೇ ಈ ಚುಚ್ಚುಮದ್ದಿನ ಕೆಲಸ. ಪೆಗ್‌ಫಿಲ್‌ಗ್ರಾಸ್ಟಿಮ್ ಎಂಬುದು ಇದರ ದೀರ್ಘಕಾಲದ ರೂಪ. ಅದು ಮೂತ್ರಪಿಂಡದ ಮೂಲಕ ಹೊರಹೋಗುವುದು ತೀರಾ ಕಡಿಮೆ, ಹೆಚ್ಚಾಗಿ ನ್ಯೂಟ್ರೊಫಿಲ್‌ಗಳೇ ಅದನ್ನು ಖಾಲಿ ಮಾಡಬೇಕು. ಹಾಗಾಗಿ ನ್ಯೂಟ್ರೊಫಿಲ್ ಕಡಿಮೆ ಇರುವಷ್ಟು ದಿನ ಔಷಧ ಉಳಿದಿರುತ್ತದೆ, ಅವು ಹುಟ್ಟಿಬಂದಾಗ ತೀರಿಹೋಗುತ್ತದೆ. ಕಿಮೋದ ಒಂದು ಸುತ್ತಿಗೆ ಒಂದೇ ಚುಚ್ಚುಮದ್ದು ಸಾಕಾಗುವುದು ಇದರಿಂದ. ಬೆಂಗಳೂರಿನ ಬಯೋಕಾನ್ ಕಂಪನಿ ಮತ್ತು ಮೈಲಾನ್ ಕಂಪನಿ ಸೇರಿ ರೂಪಿಸಿದ ಪೆಗ್‌ಫಿಲ್‌ಗ್ರಾಸ್ಟಿಮ್‌ಗೆ 2018ರ ಜೂನ್‌ನಲ್ಲಿ ಅಮೆರಿಕದ ಎಫ್‌ಡಿಎ ಒಪ್ಪಿಗೆ ಸಿಕ್ಕಿತು. ಆ ಔಷಧದ ತದ್ರೂಪಗಳಲ್ಲಿ ಅಲ್ಲಿ ಒಪ್ಪಿಗೆ ಪಡೆದ ಮೊದಲನೆಯದು ಅದು.

ಈ ಚುಚ್ಚುಮದ್ದು ತೆಗೆದುಕೊಳ್ಳುವವರ ಮನೆಯಲ್ಲಿ ಎರಡು ಸಂಗತಿ ತಿಳಿದಿರಬೇಕು. ಕಿಮೋ ಮುಗಿದು ಕನಿಷ್ಠ 24 ಗಂಟೆ ಕಳೆದ ಮೇಲೆ ಇದನ್ನು ಕೊಡುತ್ತಾರೆ. ಮುಂಚೆಯೇ ಕೊಟ್ಟರೆ ವಿಭಜನೆಗೆ ಎದ್ದುನಿಂತ ಮಜ್ಜೆಯ ಕೋಶಗಳು ಕಿಮೋಗೆ ಇನ್ನಷ್ಟು ಬಲಿಯಾಗುತ್ತವೆ. ಎರಡನೆಯದು, ಸೊಂಟ, ಬೆನ್ನು, ತೊಡೆಯ ಮೂಳೆಗಳಲ್ಲಿ ನೋವು ಬರುವುದು ಸಾಮಾನ್ಯ. ಮಜ್ಜೆ ತುಂಬಿ ಕೆಲಸ ಮಾಡುತ್ತಿರುವುದರ ನೋವದು. ಆದರೆ ಜ್ವರ ಬಂದರೆ ಅದನ್ನು ಚುಚ್ಚುಮದ್ದಿನದ್ದೆಂದು ತಳ್ಳಿಹಾಕಬಾರದು. ಕಿಮೋದ ನಡುವೆ 100.4 ಡಿಗ್ರಿ ಮುಟ್ಟಿದ ಜ್ವರ ತುರ್ತುಸ್ಥಿತಿ. ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಹೋಗಬೇಕು. ಇದೊಂದನ್ನು ನಾನು ಎಷ್ಟು ಸಲ ಬರೆದರೂ ಸಾಲದು.

ಇನ್ನು ಡೆಂಗಿ ರೋಗಿಯ ವಿಚಾರ. ವೈರಸ್ ಬಂದಾಗ ದೇಹ ಮೊದಲು ಹೊರಡಿಸುವ ಸೈಟೊಕೈನ್ ಇಂಟರ್‌ಫೆರಾನ್. ಲಂಡನ್ನಿನಲ್ಲಿ ಅಲಿಕ್ ಐಸಾಕ್ಸ್ ಮತ್ತು ಜೀನ್ ಲಿಂಡನ್‌ಮನ್ 1957ರಲ್ಲಿ ಇದನ್ನು ಗುರುತಿಸಿದರು. ಇಂಟರ್‌ಫೆರಾನ್ ಮುಟ್ಟಿದ ಕೋಶ ತನ್ನ ವಿಭಜನೆಯನ್ನೂ ಪ್ರೋಟೀನ್ ತಯಾರಿಕೆಯನ್ನೂ ತಗ್ಗಿಸುತ್ತದೆ, ಏಕೆಂದರೆ ವೈರಸ್ ಬೆಳೆಯಲು ಬೇಕಿರುವುದು ಅದೇ. ಈ ನಿಯಮ ಮಜ್ಜೆಗೂ ಅನ್ವಯ. ಹೆಪಟೈಟಿಸ್-ಸಿಗೆ ವರ್ಷಗಟ್ಟಲೆ ಇಂಟರ್‌ಫೆರಾನ್ ಚುಚ್ಚುಮದ್ದೇ ಚಿಕಿತ್ಸೆಯಾಗಿದ್ದ ಕಾಲದಲ್ಲಿ ರೋಗಿಗಳ ಬಿಳಿ ಕಣ, ಪ್ಲೇಟ್‌ಲೆಟ್ ಇಳಿಯುವುದು ವೈದ್ಯರಿಗೆ ನಿತ್ಯದ ತಲೆನೋವಾಗಿತ್ತು. ಅದೇ ಗುಣವನ್ನು ಮೇಲೆ ಹೇಳಿದ ಪಾಲಿಸೈಥೀಮಿಯಾದಲ್ಲಿ ಚಿಕಿತ್ಸೆಯಾಗಿ ಬಳಸುತ್ತಾರೆ.

ಡೆಂಗಿಯಲ್ಲಿ ಮೊದಲ ದಿನಗಳಲ್ಲಿ ಮಜ್ಜೆ ಮಂಕಾಗುತ್ತದೆ. ವೈರಸ್ ಪ್ಲೇಟ್‌ಲೆಟ್ ಕೊಡುವ ಕೋಶಗಳಿಗೂ ಅವುಗಳ ಪೂರ್ವಜರಿಗೂ ತಗಲುತ್ತದೆ, ಸೈಟೊಕೈನುಗಳು ಅವುಗಳ ಬೆಳವಣಿಗೆಯನ್ನು ತಡೆಯುತ್ತವೆ. ಇತ್ತ ರಕ್ತದಲ್ಲಿರುವ ಪ್ಲೇಟ್‌ಲೆಟ್‌ಗಳು ಪ್ರತಿಕಾಯಗಳಿಂದ, ರಕ್ತನಾಳದ ಗೋಡೆಯ ಉರಿಯೂತದಿಂದ ಬೇಗ ಸವೆಯುತ್ತವೆ. ಬರುವುದು ನಿಂತು, ಖರ್ಚು ಹೆಚ್ಚಿದರೆ ಏನಾಗಬೇಕೋ ಅದೇ ಆಗುತ್ತದೆ. ಜ್ವರ ಬಿಡುವ ಹೊತ್ತಿಗೆ ಸಂಖ್ಯೆ ತಳ ಮುಟ್ಟುತ್ತದೆ, ಆಮೇಲೆ ಸಾಮಾನ್ಯವಾಗಿ ತಾನಾಗಿಯೇ ಏರುತ್ತದೆ. ಮಳೆಗಾಲದಲ್ಲಿ ನಮ್ಮ ಊರುಗಳಲ್ಲಿ ಪಪ್ಪಾಯಿ ಎಲೆಯ ರಸಕ್ಕೆ ಸಿಗುವ ಕೀರ್ತಿಯಲ್ಲಿ ದೊಡ್ಡ ಪಾಲು ಈ ಸಹಜ ಏರಿಕೆಗೆ ಸಲ್ಲಬೇಕು ಎಂಬುದು ನನ್ನ ಅಭಿಪ್ರಾಯ. ರಸ ಕುಡಿಯುವ ಹೊತ್ತಿಗೂ ಮಜ್ಜೆ ಏಳುವ ಹೊತ್ತಿಗೂ ಹೊಂದಿಕೆಯಾಗಿಬಿಡುತ್ತದೆ.

ಸಂಖ್ಯೆ ಇಳಿದಿದೆ ಎಂಬ ಒಂದೇ ಕಾರಣಕ್ಕೆ ಪ್ಲೇಟ್‌ಲೆಟ್ ಏರಿಸಿ ಎಂದು ಪಟ್ಟು ಹಿಡಿಯುವುದೂ ಸರಿಯಲ್ಲ. ಸಿಂಗಪುರ ಮತ್ತು ಮಲೇಷ್ಯಾದಲ್ಲಿ ನಡೆದು 2017ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಪ್ಲೇಟ್‌ಲೆಟ್ 20,000ಕ್ಕೆ ಇಳಿದಿದ್ದರೂ ರಕ್ತಸ್ರಾವ ಇಲ್ಲದ ಡೆಂಗಿ ರೋಗಿಗಳಿಗೆ ಮುಂಜಾಗ್ರತೆಯೆಂದು ಪ್ಲೇಟ್‌ಲೆಟ್ ಕೊಟ್ಟದ್ದರಿಂದ ರಕ್ತಸ್ರಾವ ಕಡಿಮೆಯಾಗಲಿಲ್ಲ, ಅಡ್ಡಪರಿಣಾಮ ಹೆಚ್ಚಿತು. ರಕ್ತಪರೀಕ್ಷೆಯ ವರದಿಯಲ್ಲಿ ಪ್ಲೇಟ್‌ಲೆಟ್‌ನಷ್ಟೇ ಗಮನ ಕೊಡಬೇಕಾದ ಇನ್ನೊಂದು ಸಾಲು ಪಿಸಿವಿ ಅಥವಾ ಹಿಮಟೊಕ್ರಿಟ್. ಅದು ಏರುತ್ತಿದ್ದರೆ ರಕ್ತನಾಳಗಳಿಂದ ದ್ರವ ಸೋರುತ್ತಿದೆ ಎಂದರ್ಥ. ಹೊಟ್ಟೆನೋವು, ನಿಲ್ಲದ ವಾಂತಿ, ವಸಡಿನಲ್ಲಿ ರಕ್ತ, ವಿಪರೀತ ಸುಸ್ತು ಇವು ಕಂಡರೆ ಪ್ಲೇಟ್‌ಲೆಟ್ ಎಷ್ಟೇ ಇರಲಿ ಆಸ್ಪತ್ರೆ ಸೇರಬೇಕು.

ಬ್ಯಾಕ್ಟೀರಿಯಾ ಎಂದರೆ ಬಿಳಿ ಕಣ ಏರಿಕೆ, ವೈರಸ್ ಎಂದರೆ ಇಳಿಕೆ ಎಂದು ಸೂತ್ರ ಮಾಡಿಕೊಂಡವರಿಗೆ ಟೈಫಾಯ್ಡ್ ಒಂದು ಎಚ್ಚರಿಕೆ. ಅದು ಬ್ಯಾಕ್ಟೀರಿಯಾದ ಕಾಯಿಲೆಯೇ, ಆದರೂ ಬಿಳಿ ಕಣ ಹಲವರಲ್ಲಿ ಏರುವುದಿಲ್ಲ, ಇಳಿಯುವುದೂ ಉಂಟು. ಆ ಬ್ಯಾಕ್ಟೀರಿಯಾ ಮ್ಯಾಕ್ರೊಫೇಜ್‌ಗಳ ಒಳಗೇ, ಮಜ್ಜೆಯಲ್ಲೂ ಮನೆಮಾಡಿಕೊಂಡಿರುತ್ತದೆ, ಹಾಗಾಗಿ ಹೊರಡುವ ಸೂಚನೆಗಳೂ ಬೇರೆ. ಸಿಬಿಸಿ ಒಂದನ್ನೇ ನೋಡಿ ಔಷಧ ಅಂಗಡಿಯಲ್ಲಿ ಆ್ಯಂಟಿಬಯೊಟಿಕ್ ಕೊಳ್ಳುವುದು ಎಷ್ಟು ಅಪಾಯ ಎಂಬುದಕ್ಕೆ ಬೇರೆ ಉದಾಹರಣೆ ಬೇಕಿಲ್ಲ.

ಇವೆಲ್ಲಕ್ಕಿಂತ ಹೆಚ್ಚು ಜನರನ್ನು ತಟ್ಟುವ, ಆದರೆ ಕಡಿಮೆ ಚರ್ಚೆಯಾಗುವ ಸಂಗತಿ ಉರಿಯೂತದ ರಕ್ತಹೀನತೆ. ಸಂಧಿವಾತ, ಕ್ಷಯ, ದೀರ್ಘಕಾಲದ ಕಿಡ್ನಿ ಕಾಯಿಲೆ, ಮಾಯದ ಹುಣ್ಣು ಇಂಥವುಗಳಿಂದ ನರಳುವವರ ಹಿಮೋಗ್ಲೋಬಿನ್ ನಿಧಾನವಾಗಿ 9, 10ಕ್ಕೆ ಇಳಿಯುತ್ತದೆ. ‘ರಕ್ತ ಕಡಿಮೆ ಇದೆ’ ಎಂದು ಕಬ್ಬಿಣದ ಮಾತ್ರೆ ಆರಂಭವಾಗುತ್ತದೆ. ತಿಂಗಳುಗಳು ಕಳೆಯುತ್ತವೆ, ಮಲ ಕಪ್ಪಾಗುತ್ತದೆ, ಹೊಟ್ಟೆ ಕೆಡುತ್ತದೆ, ಹಿಮೋಗ್ಲೋಬಿನ್ ಮಾತ್ರ ಜಗ್ಗುವುದಿಲ್ಲ. ಮಾತ್ರೆ ಸರಿಯಾಗಿ ನುಂಗಿಲ್ಲ, ಸೊಪ್ಪು ತಿಂದಿಲ್ಲ ಎಂದು ರೋಗಿಯನ್ನೇ ಬೈಯುವುದೂ ನಡೆಯುತ್ತದೆ. ಇದು ನನಗೆ ಬೇಸರ ತರಿಸುವ ವಿಷಯ, ಏಕೆಂದರೆ ತಪ್ಪು ರೋಗಿಯದಲ್ಲ.

ದೇಹದಲ್ಲಿರುವ ಕಬ್ಬಿಣ ಒಟ್ಟು 3ರಿಂದ 4 ಗ್ರಾಂ. ದಿನಕ್ಕೆ ಆಹಾರದಿಂದ ಸೇರುವುದು 1ರಿಂದ 2 ಮಿಲಿಗ್ರಾಂ ಮಾತ್ರ. ಆದರೆ ಹೊಸ ಕೆಂಪು ಕಣಗಳಿಗೆ ದಿನಕ್ಕೆ 20-25 ಮಿಲಿಗ್ರಾಂ ಬೇಕು. ಉಳಿದದ್ದು ಹಳೆಯ ಕೆಂಪು ಕಣಗಳಿಂದ ಮರಳಿ ಬರುತ್ತದೆ. ಗುಲ್ಮ ಮತ್ತು ಪಿತ್ತಜನಕಾಂಗದ ಮ್ಯಾಕ್ರೊಫೇಜ್‌ಗಳು ಮುಪ್ಪಾದ ಕಣಗಳನ್ನು ನುಂಗಿ ಕಬ್ಬಿಣ ಬಿಡಿಸಿ ಫೆರೊಪೋರ್ಟಿನ್ ಎಂಬ ದ್ವಾರದ ಮೂಲಕ ರಕ್ತಕ್ಕೆ ಬಿಡುತ್ತವೆ. ಕರುಳಿನ ಕೋಶಗಳಿಂದ ಕಬ್ಬಿಣ ರಕ್ತಕ್ಕೆ ಇಳಿಯುವುದೂ ಇದೇ ಬಗೆಯ ದ್ವಾರದಿಂದ. ಈ ದ್ವಾರ ಮುಚ್ಚುವ ಅಧಿಕಾರ ಹೆಪ್ಸಿಡಿನ್ ಎಂಬ, ಬರೀ 25 ಅಮೈನೊ ಆಮ್ಲಗಳ ಹಾರ್ಮೋನಿಗಿದೆ. ಅದು ಪಿತ್ತಜನಕಾಂಗದಲ್ಲಿ ತಯಾರಾಗುತ್ತದೆ. ಲಾಸ್ ಏಂಜಲೀಸ್‌ನ ತೋಮಸ್ ಗಾಂಜ್ ಮತ್ತು ಎಲಿಜಬೆತಾ ನೆಮೆತ್ ಅವರ ತಂಡ 2004ರಲ್ಲಿ ಹೆಪ್ಸಿಡಿನ್ ಫೆರೊಪೋರ್ಟಿನ್‌ಗೆ ಅಂಟಿಕೊಂಡು ಅದನ್ನು ಕೋಶದೊಳಕ್ಕೆ ಎಳೆದು ನಾಶವಾಗುವಂತೆ ಮಾಡುತ್ತದೆ ಎಂದು ತೋರಿಸಿತು.

ಹೆಪ್ಸಿಡಿನ್ ತಯಾರಿಸು ಎಂದು ಪಿತ್ತಜನಕಾಂಗಕ್ಕೆ ಹೇಳುವುದು ಯಾರು? ಉರಿಯೂತ ಇದ್ದಾಗ ಇಂಟರ್‌ಲ್ಯೂಕಿನ್-6. ಆರೋಗ್ಯವಂತ ಸ್ವಯಂಸೇವಕರಿಗೆ ಇಂಟರ್‌ಲ್ಯೂಕಿನ್-6 ಕೊಟ್ಟು ನೋಡಿದಾಗ ಕೆಲವೇ ಗಂಟೆಗಳಲ್ಲಿ ಹೆಪ್ಸಿಡಿನ್ ಹಲವು ಪಟ್ಟು ಏರಿತು, ರಕ್ತದ ಕಬ್ಬಿಣ ಸುಮಾರು ಮೂರನೇ ಒಂದರಷ್ಟು ಇಳಿಯಿತು. ಬ್ಯಾಕ್ಟೀರಿಯಾಗಳಿಗೂ ಬೆಳೆಯಲು ಕಬ್ಬಿಣ ಬೇಕಾದ್ದರಿಂದ ಅದನ್ನು ಬಚ್ಚಿಡುವುದು ದೇಹದ ಹಳೆಯ ಯುದ್ಧನೀತಿ. ನಾಲ್ಕು ದಿನದ ಸೋಂಕಿಗೆ ಇದು ಜಾಣತನ. ವರ್ಷಗಟ್ಟಲೆ ಎಳೆಯುವ ಸಂಧಿವಾತದಲ್ಲಿ ಇದೇ ನೀತಿ ರೋಗಿಯ ಮಜ್ಜೆಯನ್ನು ಉಪವಾಸ ಕೆಡವುತ್ತದೆ. ಕಬ್ಬಿಣ ಮನೆಯಲ್ಲೇ ಇದೆ, ಕೈಗೆ ಸಿಗುತ್ತಿಲ್ಲ. ನುಂಗಿದ ಮಾತ್ರೆಯೂ ಕರುಳಿನ ದ್ವಾರ ಮುಚ್ಚಿರುವುದರಿಂದ ಒಳಗೆ ಹೋಗುತ್ತಿಲ್ಲ. ಇದರ ಮೇಲೆ, ಕೆಂಪು ಕಣಕ್ಕೆ ಕರೆ ಕೊಡುವ ಕಿಡ್ನಿಯ ಎರಿತ್ರೊಪೊಯೆಟಿನ್ ಹಾರ್ಮೋನನ್ನು ಟಿಎನ್‌ಎಫ್, ಇಂಟರ್‌ಲ್ಯೂಕಿನ್-1 ಎಂಬ ಸೈಟೊಕೈನುಗಳು ತಗ್ಗಿಸುತ್ತವೆ.

ಇದನ್ನು ಪತ್ತೆ ಮಾಡಲು ಹಿಮೋಗ್ಲೋಬಿನ್ ಒಂದೇ ಸಾಲದು. ಕಬ್ಬಿಣದ ದಾಸ್ತಾನು ತಿಳಿಸುವ ಫೆರಿಟಿನ್, ರಕ್ತದಲ್ಲಿ ಓಡಾಡುವ ಕಬ್ಬಿಣ ತಿಳಿಸುವ ಟ್ರಾನ್ಸ್‌ಫೆರಿನ್ ಸ್ಯಾಚುರೇಷನ್, ಜತೆಗೆ ಉರಿಯೂತ ತಿಳಿಸುವ ಸಿಆರ್‌ಪಿ ನೋಡಬೇಕು. ಬರೀ ಕಬ್ಬಿಣದ ಕೊರತೆಯಲ್ಲಿ ಫೆರಿಟಿನ್ ತೀರಾ ಕಡಿಮೆ. ಉರಿಯೂತದಲ್ಲಿ ಫೆರಿಟಿನ್ ಸಾಮಾನ್ಯ ಅಥವಾ ಹೆಚ್ಚು, ಆದರೆ ಸ್ಯಾಚುರೇಷನ್ ಕಡಿಮೆ. ನಮ್ಮಲ್ಲಿ, ಅದರಲ್ಲೂ ಹೆಣ್ಣುಮಕ್ಕಳಲ್ಲಿ, ಎರಡೂ ಒಟ್ಟಿಗಿರುವುದು ಅಪರೂಪವಲ್ಲ. ಆಗ ಫೆರಿಟಿನ್ ಹಾದಿ ತಪ್ಪಿಸುತ್ತದೆ, ವೈದ್ಯರ ಅನುಭವ ಬೇಕಾಗುತ್ತದೆ. ಚಿಕಿತ್ಸೆಯ ಮುಖ್ಯ ಭಾಗ ಮೂಲ ಕಾಯಿಲೆಯನ್ನು ಹದ್ದುಬಸ್ತಿಗೆ ತರುವುದು. ಇಂಟರ್‌ಲ್ಯೂಕಿನ್-6ರ ಜೀನನ್ನು 1986ರಲ್ಲಿ ಗುರುತಿಸಿದ್ದು ಜಪಾನಿನ ಒಸಾಕಾದ ತದಮಿತ್ಸು ಕಿಶಿಮೊತೊ ಮತ್ತು ತೊಶಿಯೊ ಹಿರಾನೊ ಅವರ ತಂಡ. ಅದೇ ಕೆಲಸದಿಂದ ಮುಂದೆ ಬಂದ ಟೊಸಿಲಿಜುಮ್ಯಾಬ್ ಔಷಧ ಆ ಸೂಚನೆಯನ್ನು ಗ್ರಾಹಕದಲ್ಲೇ ತಡೆಯುತ್ತದೆ. ಸಂಧಿವಾತದವರಿಗೆ ಅದನ್ನು ಕೊಟ್ಟಾಗ ಕೀಲುನೋವಿನ ಜತೆ ಹಿಮೋಗ್ಲೋಬಿನ್ ಕೂಡ ಸುಧಾರಿಸುವುದು ಕಂಡುಬಂದಿದೆ.

ನಿಜವಾದ ಕಬ್ಬಿಣದ ಕೊರತೆ ಇರುವವರಿಗೂ ಹೆಪ್ಸಿಡಿನ್ ಕಥೆಯಿಂದ ಒಂದು ಉಪಯೋಗವಿದೆ. ಒಂದು ಮಾತ್ರೆ ನುಂಗಿದ ಮೇಲೆ ಸುಮಾರು ಒಂದು ದಿನ ಹೆಪ್ಸಿಡಿನ್ ಏರಿರುತ್ತದೆ, ಆ ಹೊತ್ತಿನಲ್ಲಿ ನುಂಗಿದ ಮುಂದಿನ ಮಾತ್ರೆ ಕಡಿಮೆ ಹೀರಲ್ಪಡುತ್ತದೆ. ಜ್ಯೂರಿಕ್‌ನಲ್ಲಿ ಯುವತಿಯರ ಮೇಲೆ ನಡೆದ ಅಧ್ಯಯನಗಳಲ್ಲಿ ದಿನ ಬಿಟ್ಟು ದಿನ ನುಂಗಿದಾಗ ಪ್ರತಿ ಮಾತ್ರೆಯಿಂದ ಹೆಚ್ಚು ಕಬ್ಬಿಣ ಒಳಸೇರಿತು. ದಿನವೂ ನುಂಗಿ ಹೊಟ್ಟೆ ಕೆಡಿಸಿಕೊಳ್ಳುತ್ತಿರುವವರು ವೈದ್ಯರಲ್ಲಿ ಇದನ್ನು ಧಾರಾಳವಾಗಿ ಕೇಳಬಹುದು. ಗರ್ಭಿಣಿಯರು ಮಾತ್ರ ತಮಗೆ ಬರೆದುಕೊಟ್ಟ ಕ್ರಮವನ್ನು ತಾವಾಗಿ ಬದಲಿಸಬಾರದು.

ಸಿಬಿಸಿಯಲ್ಲಿ ಕಾಣುವ ಇನ್ನೊಂದು ಬಗೆಯ ಬಿಳಿ ಕಣ ಇಯೊಸಿನೊಫಿಲ್. ಅದರ ಏರಿಕೆಯ ಹಿಂದೆ ಇರುವುದು ಇಂಟರ್‌ಲ್ಯೂಕಿನ್-5. ಹೊಟ್ಟೆಹುಳು, ಅಲರ್ಜಿ, ಆಸ್ತಮಾ ಮೂರೂ ಈ ಒಂದೇ ಸೂಚನೆಯನ್ನು ಎಬ್ಬಿಸುತ್ತವೆ. ಆನೆಕಾಲು ರೋಗ ಕಾಡಿದ ಕರಾವಳಿ ಮತ್ತು ಕಲಬುರಗಿ ಭಾಗದಲ್ಲಿ ರಾತ್ರಿ ಕೆಮ್ಮಿನ ಜತೆ ಇಯೊಸಿನೊಫಿಲ್ 3,000 ದಾಟಿದ್ದರೆ ಫೈಲೇರಿಯಾ ಹುಳುವಿಗೆ ದೇಹ ತೋರುವ ಅತಿಪ್ರತಿಕ್ರಿಯೆಯನ್ನೂ ವೈದ್ಯರು ಯೋಚಿಸುತ್ತಾರೆ. ಹಟಮಾರಿ ಆಸ್ತಮಾಕ್ಕೆ 2015ರಲ್ಲಿ ಬಂದ ಮೆಪೊಲಿಜುಮ್ಯಾಬ್ ಇದೇ ಇಂಟರ್‌ಲ್ಯೂಕಿನ್-5 ಅನ್ನು ಹಿಡಿದು ಕಟ್ಟಿಹಾಕುವ ಪ್ರತಿಕಾಯ.

ಈವರೆಗೆ ಹೇಳಿದ್ದು ಹೆಚ್ಚಾಗಿ ಆಕರಕೋಶದ ಮಕ್ಕಳು ಮೊಮ್ಮಕ್ಕಳ ಬಗ್ಗೆ. ಆಕರಕೋಶ ಮಾತ್ರ ಇದೆಲ್ಲದರಿಂದ ದೂರ, ನಿದ್ದೆಯಲ್ಲಿರುತ್ತದೆ ಎಂದು ಬಹುಕಾಲ ನಂಬಿಕೆಯಿತ್ತು. 2009ರಲ್ಲಿ ಮರೀಕೆ ಎಸ್ಸರ್ಸ್, ಆಂದ್ರೆಯಾಸ್ ಟ್ರುಂಪ್ ಮತ್ತು ಸಂಗಡಿಗರು ಬೇರೆ ಕೋಶಗಳ ವಿಭಜನೆ ತಗ್ಗಿಸುವ ಇಂಟರ್‌ಫೆರಾನಿನ ಒಂದು ಬಗೆಯಾದ ಇಂಟರ್‌ಫೆರಾನ್-ಆಲ್ಫಾವನ್ನು ಇಲಿಗಳಿಗೆ ಕೊಟ್ಟಾಗ ಮಲಗಿದ್ದ ಆಕರಕೋಶಗಳೇ ಎದ್ದು ವಿಭಜನೆಗೆ ಇಳಿಯುವುದನ್ನು ತೋರಿಸಿದರು. ಮರುವರ್ಷ ಹೂಸ್ಟನ್‌ನಿಂದ ಇಂಟರ್‌ಫೆರಾನ್-ಗಾಮಾ ಬಗ್ಗೆಯೂ ಅಂಥದೇ ಫಲಿತಾಂಶ ಬಂತು. ತುರ್ತಿಗೆ ಇದು ಒಳ್ಳೆಯದೇ. ಸೂಚನೆ ನಿಲ್ಲದೇ ಹೋದರೆ ಆಕರಕೋಶಗಳು ಬಳಲಿ ಬರಿದಾಗುತ್ತವೆ. ಅಪ್ಲಾಸ್ಟಿಕ್ ಅನೀಮಿಯಾ ಎಂಬ ಕಾಯಿಲೆಯಲ್ಲಿ ದೇಹದ ಟಿ-ಕೋಶಗಳು ತಮ್ಮದೇ ಮಜ್ಜೆಯ ಮೇಲೆ ಬೀಳುತ್ತವೆ, ಅವು ಸುರಿಸುವ ಇಂಟರ್‌ಫೆರಾನ್-ಗಾಮಾ ಆಕರಕೋಶಗಳನ್ನು ಸೊರಗಿಸುತ್ತದೆ. ಇಂಟರ್‌ಫೆರಾನ್-ಗಾಮಾ ಇನ್ನೊಂದು ಕೇಡೂ ಮಾಡುತ್ತದೆ. ಆಕರಕೋಶಗಳನ್ನು ಪೊರೆಯುವ ಥ್ರಾಂಬೊಪೊಯೆಟಿನ್ ಹಾರ್ಮೋನಿಗೆ ಅಂಟಿಕೊಂಡು ಅದು ಗ್ರಾಹಕ ತಲುಪದಂತೆ ಮಾಡುತ್ತದೆ. ಎಲ್‌ಟ್ರಾಂಬೊಪ್ಯಾಗ್ ಮಾತ್ರೆ ಅದೇ ಗ್ರಾಹಕದ ಬೇರೊಂದು ಭಾಗಕ್ಕೆ ಅಂಟುವುದರಿಂದ ಈ ಅಡ್ಡಿಯಿಂದ ತಪ್ಪಿಸಿಕೊಳ್ಳುತ್ತದೆ. ಪ್ಲೇಟ್‌ಲೆಟ್ ಏರಿಸಲೆಂದು ಮಾಡಿದ ಮಾತ್ರೆ ಈ ಕಾಯಿಲೆಯಲ್ಲಿ ಮೂರೂ ಬಗೆಯ ಕಣಗಳನ್ನು ಏರಿಸಿದ್ದು ಏಕೆ ಎಂಬುದಕ್ಕೆ 2019ರಲ್ಲಿ ಸಿಕ್ಕ ವಿವರಣೆ ಇದು.

ಆಕರಕೋಶಕ್ಕೆ ತಲುಪಿದ ಸೂಚನೆ ಒಳ್ಳೆಯ ನೆನಪನ್ನೂ ಬಿಟ್ಟುಹೋಗಬಹುದು. ನಮ್ಮಲ್ಲಿ ಹುಟ್ಟಿದ ಮಗುವಿಗೆ ಹಾಕುವ ಬಿಸಿಜಿ ಲಸಿಕೆ ಕ್ಷಯವಷ್ಟೇ ಅಲ್ಲದೆ ಬೇರೆ ಕೆಲವು ಸೋಂಕುಗಳಿಗೂ ಕೊಂಚ ತಡೆ ಒಡ್ಡುತ್ತದೆ ಎಂಬ ಸುಳಿವು ಹಳೆಯದು. ನೆದರ್ಲೆಂಡ್ಸ್‌ನ ಮಿಹಾಯ್ ನೆಟಿಯಾ ಇದನ್ನು ತರಬೇತಿ ಪಡೆದ ರೋಗನಿರೋಧಕತೆ ಎಂದು ಕರೆದರು. ಕೆಲವೇ ದಿನ ಬಾಳುವ ಬಿಳಿ ಕಣ ತಿಂಗಳುಗಟ್ಟಲೆ ನೆನಪಿಡುವುದು ಹೇಗೆ ಎಂಬ ಪ್ರಶ್ನೆಗೆ 2018ರಲ್ಲಿ ಇಲಿಗಳಲ್ಲಿ, 2020ರಲ್ಲಿ ಮನುಷ್ಯರಲ್ಲಿ ಉತ್ತರ ಸಿಕ್ಕಿತು. ಬಿಸಿಜಿ ಹಾಕಿಸಿಕೊಂಡ ಸ್ವಯಂಸೇವಕರ ಮಜ್ಜೆಯನ್ನು ಮೂರು ತಿಂಗಳ ನಂತರ ಪರೀಕ್ಷಿಸಿದಾಗ ರಕ್ತದ ಆಕರಕೋಶಗಳಲ್ಲೇ ಜೀನುಗಳ ಚಟುವಟಿಕೆ ಬದಲಾಗಿತ್ತು.

ಜಿ-ಸಿಎಸ್‌ಎಫ್‌ಗೆ ಇನ್ನೊಂದು ಬಳಕೆಯೂ ಉಂಟು, ಆಕರಕೋಶ ದಾನದಲ್ಲಿ. ಅದರ ಬಗ್ಗೆ ನಮ್ಮ ಯುವಜನರಲ್ಲಿ ಅನಗತ್ಯ ಭಯವಿದೆ. ಮಜ್ಜೆಯಲ್ಲಿ ಆಕರಕೋಶಗಳನ್ನು ಹಿಡಿದಿಟ್ಟಿರುವುದು ಸಿಎಕ್ಸ್‌ಸಿಎಲ್-12 ಎಂಬ ಸಂಕೇತ ಪ್ರೋಟೀನು ಮತ್ತು ಆಕರಕೋಶದ ಮೇಲಿರುವ ಅದರ ಗ್ರಾಹಕದ ನಡುವಿನ ಹಿಡಿತ. ಜಿ-ಸಿಎಸ್‌ಎಫ್ ಹೆಚ್ಚಿದಾಗ ಆ ಹಿಡಿತ ಸಡಿಲವಾಗಿ ಆಕರಕೋಶಗಳು ರಕ್ತಕ್ಕೆ ಬರುತ್ತವೆ. ಥಲಸ್ಸೀಮಿಯಾ ಅಥವಾ ಲ್ಯುಕೀಮಿಯಾ ಇರುವವರಿಗೆ ಆಕರಕೋಶ ಕೊಡುವ ದಾನಿ ನಾಲ್ಕೈದು ದಿನ ಈ ಚುಚ್ಚುಮದ್ದು ಪಡೆಯುತ್ತಾರೆ. ಅವರ ಬಿಳಿ ಕಣ ಆ ದಿನಗಳಲ್ಲಿ 30,000 ದಾಟುವುದು ನಿರೀಕ್ಷಿತವೇ. ನಂತರ ಒಂದು ತೋಳಿನಿಂದ ರಕ್ತ ಯಂತ್ರಕ್ಕೆ ಹೋಗಿ, ಬೇಕಾದ ಕೋಶಗಳು ಬೇರ್ಪಟ್ಟು, ಉಳಿದ ರಕ್ತ ಇನ್ನೊಂದು ತೋಳಿಗೆ ಮರಳುತ್ತದೆ. ನಾಲ್ಕೈದು ಗಂಟೆ ಹಿಡಿಯುತ್ತದೆ. ಮೂಳೆ ಕೊರೆಯುವುದಿಲ್ಲ, ಶಸ್ತ್ರಚಿಕಿತ್ಸೆಯೂ ಇಲ್ಲ. ಮೈಕೈನೋವು, ತಲೆನೋವು ಬರುತ್ತದೆ, ಪ್ಯಾರಾಸಿಟಮಾಲ್‌ಗೆ ತಗ್ಗುತ್ತದೆ. ಚುಚ್ಚುಮದ್ದು ನಿಂತ ಮೇಲೆ ವಾರ, ಎರಡು ವಾರದಲ್ಲಿ ಎಣಿಕೆ ಮೊದಲಿನಂತಾಗುತ್ತದೆ. ದಾನಿಗಳನ್ನು ವರ್ಷಗಟ್ಟಲೆ ಗಮನಿಸಿದ ಅಧ್ಯಯನಗಳಲ್ಲಿ ರಕ್ತದ ಕ್ಯಾನ್ಸರ್ ಹೆಚ್ಚಿದ್ದು ಕಂಡಿಲ್ಲ. ಹೆಸರು ನೋಂದಾಯಿಸಲು ಕೆನ್ನೆಯ ಒಳಭಾಗವನ್ನು ಹತ್ತಿಕಡ್ಡಿಯಿಂದ ಸವರಿ ಕೊಟ್ಟರೆ ಸಾಕು. ಬೆಂಗಳೂರಿನ ಡಿಕೆಎಂಎಸ್, ಚೆನ್ನೈನ ದಾತ್ರಿ ಇಂಥ ದಾನಿಗಳ ಪಟ್ಟಿಗಳನ್ನು ನಡೆಸುತ್ತವೆ. ಹೊಂದಾಣಿಕೆಯಾಗುವ ರೋಗಿ ಸಿಕ್ಕರೆ ಮಾತ್ರ ಅವರು ಮತ್ತೆ ಕರೆ ಮಾಡುತ್ತಾರೆ.